ಆರೆಂಜ್ ಪಟ್ಟಿ ಡ್ರಮ್ಮು, ಕಸದ ಗುಂಡಿ ಹೊಗೆ: ಅಮೆರಿಕದ ಮಾಜಿ ಸೈನಿಕರಿಗೆ ಐವತ್ತು ವರ್ಷ ಆದ್ಮೇಲೂ ದುಡ್ಡು ಯಾಕೆ ಕೊಡ್ತಾರೆ?

ನಮ್ಮ ಪಕ್ಕದ ಮನೆ ತಾತಂಗೆ ಈಗ 77. ಒಹಾಯೋದಲ್ಲಿ ನಾವು ಮನೆ ತಗೊಂಡಾಗಿಂದ ಪರಿಚಯ, ಚಳಿಗಾಲದಲ್ಲಿ ನಮ್ಮನೆ ಮುಂದಿನ ಹಿಮಾನೂ ಅವರೇ ಮೆಷಿನ್ ತಂದು ತಳ್ಳಿ ಹೋಗೋರು, ಈಗ ಪಾದ ಜೋಮು ಹಿಡಿಯುತ್ತೆ ಅಂತ ಬಿಟ್ಟಿದಾರೆ. 2004ರಿಂದ ಶುಗರ್, ಇನ್ಸುಲಿನ್ ಚುಚ್ಕೋತಾರೆ. 1969ರಲ್ಲಿ ವಿಯೆಟ್ನಾಂನಲ್ಲಿ ಲಾರಿ ಓಡಿಸ್ತಿದ್ದೆ ಅಂತ ಒಂದ್ಸಲ ಹೇಳಿದ್ರು, ಅದು ಬಿಟ್ರೆ ಆ ಕಾಲದ ಮಾತೇ ಎತ್ತಿದ್ದಿಲ್ಲ.

ಹೋದ ತಿಂಗಳು, ಆ ಯುದ್ಧದಲ್ಲಿ ಸುರಿದ ಏಜೆಂಟ್ ಆರೆಂಜ್ ಅನ್ನೋ ಕೆಮಿಕಲ್ ಲೆಕ್ಕದಲ್ಲಿ ಶುಗರಿಗೆ ಪರಿಹಾರ ಕೇಳ್ಬೇಕು, ಕೌಂಟಿಯ ವೆಟರನ್ಸ್ ಆಫೀಸಿಗೆ ಕರ್ಕೊಂಡು ಹೋಗ್ತೀಯಾ ಅಂದ್ರು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ, ಒಹಾಯೋದಲ್ಲಿ 88 ಇವೆ, ಪ್ರತಿಯೊಂದರಲ್ಲೂ ಮಾಜಿ ಸೈನಿಕರಿಗೆ ಅಂತಾನೇ ಒಂದು ಆಫೀಸು. ತಾತನ ಕೈಯಲ್ಲಿ ಒಂದು ಬಿಸ್ಕತ್ ಡಬ್ಬ, ಅದರೊಳಗೆ ಮಡಿಕೆಯ ಗೆರೆಯಲ್ಲೇ ಹರಿದುಹೋಗೋ ಥರ ಆಗಿರೋ ಹಳೇ ಕಾಗದ. ಒಳಗಿದ್ದ ಮೇಡಂ ಆ ಕಾಗದ ನೋಡಿ ಮೂರೇ ಪ್ರಶ್ನೆ ಕೇಳಿದ್ರು: ಯಾವ ವರ್ಷ ಹೋಗಿದ್ರಿ, ವಿಯೆಟ್ನಾಂ ನೆಲದ ಮೇಲೆ ಕಾಲಿಟ್ಟಿದ್ರಾ, ಶುಗರ್ ಇದೆ ಅಂತ ಡಾಕ್ಟರ್ ಬರೆದುಕೊಟ್ಟಿದಾರಾ. ಅಷ್ಟೇ. ಕೆಮಿಕಲ್ ಮುಟ್ಟಿದ್ರಾ, ಎಷ್ಟು ಸಲ ಮುಟ್ಟಿದ್ರಿ, ಸಾಕ್ಷಿ ಇದೆಯಾ, ಒಂದೂ ಕೇಳಲಿಲ್ಲ.

ರಾತ್ರಿ ಫೋನಲ್ಲಿ ಅಮ್ಮಂಗೆ ಹೇಳಿದ್ರೆ "ಅಲ್ವೋ, ಶುಗರ್ ನಂಗೂ ಇದೆ, ನಿಮ್ಮಪ್ಪಂಗೂ ಇದೆ, ನಾವೇನು ಯುದ್ಧಕ್ಕೆ ಹೋಗಿದ್ವಾ? ಅವ್ರಿಗೆ ಯಾಕೆ ದುಡ್ಡು, ಅದೂ ಈಗ?" ಅಂದ್ರು. ಪ್ರಶ್ನೆ ಸರಿಯಾಗೇ ಇದೆ. ಇಲ್ಲಿ ನಮ್ಮ ಕನ್ನಡದೋರಲ್ಲೂ ಪೇಪರ್ರಲ್ಲಿ ಓದಿ, ಅಕ್ಕಪಕ್ಕದೋರಿಂದ ಕೇಳಿ ಇದನ್ನೇ ಕೇಳೋರಿದ್ದಾರೆ. ಹಂಗಾಗಿ ಬುಡದಿಂದ ಬರೀತೀನಿ.

ಆ ಡ್ರಮ್ಮಲ್ಲಿ ಇದ್ದಿದ್ದೇನು

ವಿಯೆಟ್ನಾಂ ದಟ್ಟ ಕಾಡಿನ ದೇಶ, ಎದುರಾಳಿಗಳು ಆ ಕಾಡಲ್ಲಿ ಅಡಗ್ತಿದ್ರು. ಕಾಡೇ ಇಲ್ದಂಗೆ ಮಾಡಿಬಿಟ್ರೆ ಅಡಗೋಕೆ ಜಾಗ ಇರಲ್ಲ, ಬೆಳೆ ಒಣಗಿಸಿದ್ರೆ ಊಟಾನೂ ಇರಲ್ಲ, ಇದು ಅಮೆರಿಕ ಸೇನೆಯ ಲೆಕ್ಕಾಚಾರ. 1962ರಿಂದ 1971ರ ತನಕ ಸಿ-123 ಅನ್ನೋ ದೊಡ್ಡ ಸಾಗಣೆ ವಿಮಾನಗಳಿಗೆ ಟ್ಯಾಂಕ್ ಕಟ್ಟಿ ಮೇಲಿಂದ ಕಳೆನಾಶಕ ಸುರಿದ್ರು. ಈ ಕಾರ್ಯಾಚರಣೆಗೆ ಇಟ್ಟ ಹೆಸರು ಆಪರೇಷನ್ ರ‍್ಯಾಂಚ್ ಹ್ಯಾಂಡ್. ಒಟ್ಟು ಸುರಿದಿದ್ದು ಹೆಚ್ಚುಕಮ್ಮಿ 7 ಕೋಟಿ ಲೀಟರ್. ಯಾವ ಡ್ರಮ್ಮಲ್ಲಿ ಯಾವ ಮಿಶ್ರಣ ಇದೆ ಅಂತ ಗೊತ್ತಾಗ್ಲಿ ಅಂತ 208 ಲೀಟರಿನ ಆ ಡ್ರಮ್ಮುಗಳಿಗೆ ಬಣ್ಣದ ಪಟ್ಟಿ ಹೊಡೀತಿದ್ರು, ಬಿಳಿ, ನೀಲಿ, ನೇರಳೆ, ಹಿಂಗೆ. ಅರ್ಧಕ್ಕಿಂತ ಹೆಚ್ಚು ಬಳಸಿದ್ದು ಕಿತ್ತಳೆ ಪಟ್ಟಿದು, ಅದೇ ಏಜೆಂಟ್ ಆರೆಂಜ್. ದ್ರವದ ಬಣ್ಣ ಕಿತ್ತಳೆ ಅಲ್ಲ, ಪಟ್ಟಿ ಮಾತ್ರ.

ಅದರಲ್ಲಿ ಎರಡು ಕಳೆನಾಶಕ ಸಮಸಮ ಬೆರೆಸ್ತಿದ್ರು: 2,4-ಡಿ ಮತ್ತು 2,4,5-ಟಿ. ಮೊದಲನೇದು ರೈತರಿಗೆ ಚೆನ್ನಾಗಿ ಗೊತ್ತು, ನಮ್ಮೂರ ಗೊಬ್ಬರದ ಅಂಗಡೀಲಿ ಇವತ್ತಿಗೂ 'ಟು ಫೋರ್ ಡಿ' ಅಂದ್ರೆ ತೆಗೆದುಕೊಡ್ತಾರೆ. ಹಂಗಂತ ಅದೇ ಏಜೆಂಟ್ ಆರೆಂಜ್ ಅಂದ್ಕೋಬೇಡಿ. ಯಡವಟ್ಟು ಇದ್ದಿದ್ದು ಎರಡನೇದ್ರಲ್ಲಿ. ಬೆಲ್ಲದ ಪಾಕ ಹದ ಮೀರಿ ಕುದಿಸಿದ್ರೆ ತಳ ಹಿಡಿದು ಕಹಿ ಆಗುತ್ತಲ್ಲ, ಹಂಗೇ 2,4,5-ಟಿ ತಯಾರು ಮಾಡುವಾಗ ಬಿಸಿ ಜಾಸ್ತಿ ಆದ್ರೆ ಬೇಡದ ಒಂದು ವಿಷ ತಾನಾಗೇ ಹುಟ್ಕೊಳ್ಳುತ್ತೆ, ಅದರ ಹೆಸರು ಡಯಾಕ್ಸಿನ್. ಅದನ್ನ ಯಾರೂ ಬೇಕು ಅಂತ ಹಾಕಿದ್ದಲ್ಲ. ಇರೋದು ಚೂರೇ ಚೂರು, ಆದ್ರೆ ಅಷ್ಟೇ ಸಾಕು. ನೀರಲ್ಲಿ ಕರಗಲ್ಲ, ಕೊಬ್ಬಲ್ಲಿ ಹೋಗಿ ಕೂತ್ಕೊಳ್ಳುತ್ತೆ, ಮೈಯೊಳಗೆ ಸೇರಿದ್ದು ಅರ್ಧಕ್ಕೆ ಇಳಿಯೋಕೇ ಏಳೆಂಟು ವರ್ಷ ಇಲ್ಲಾ ಇನ್ನೂ ಹೆಚ್ಚು ಬೇಕು.

ಸಾಬೀತು ಮಾಡೋದು ಯಾಕೆ ಅಷ್ಟು ಕಷ್ಟ

ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆಗೆ ಎಲ್ಲರೂ ವಿಎ ಅಂತಾರೆ. ಸೇವೆಯಿಂದ ಕಾಯಿಲೆ ಬಂತು, ಪರಿಹಾರ ಕೊಡಿ ಅಂತ ಕ್ಲೇಮ್ ಹಾಕಿದ್ರೆ ಮಾಮೂಲಿಯಾಗಿ ಮೂರು ವಿಷಯ ತೋರಿಸಬೇಕು. ಈಗ ಕಾಯಿಲೆ ಇದೆ ಅಂತ. ಸೇವೆಲಿದ್ದಾಗ ಇಂಥದ್ದೊಂದು ನಡೀತು ಅಂತ. ಆಮೇಲೆ ಆ ಘಟನೆಯಿಂದಲೇ ಈ ಕಾಯಿಲೆ ಅಂತ, ಇದನ್ನ ಅವರು ನೆಕ್ಸಸ್ ಅಂತಾರೆ, ಕೊಂಡಿ ಅನ್ಕೊಳ್ಳಿ.

ಗುಂಡೇಟು ಬಿದ್ದಿದ್ರೆ ಮೂರೂ ಸುಲಭ, ಗಾಯ ಕಣ್ಣಿಗೆ ಕಾಣುತ್ತೆ, ಆಸ್ಪತ್ರೆ ದಾಖಲೆ ಇರುತ್ತೆ. ಕೆಮಿಕಲ್ ಕಥೆ ಬೇರೆ. ಇಪ್ಪತ್ತರ ಹುಡುಗ ಉಸಿರಾಡಿದ್ದು, ಐವತ್ತಕ್ಕೋ ಅರವತ್ತಕ್ಕೋ ಕ್ಯಾನ್ಸರ್ ಬರುತ್ತೆ, ಗೆಡ್ಡೆ ಮೇಲೆ 'ತಯಾರಿಕೆ ವಿಯೆಟ್ನಾಂ' ಅಂತ ಸೀಲ್ ಒತ್ತಿರಲ್ಲ. ಯುದ್ಧ ಕಾಣದೇ ಇರೋರಿಗೂ ಅದೇ ಕ್ಯಾನ್ಸರ್ ಬರುತ್ತೆ. ಯಾವ ದಿನ ಯಾವ ಊರಿನ ಮೇಲೆ ವಿಮಾನ ಹೋಯ್ತು ಅನ್ನೋದಕ್ಕೆ ಸೇನೆ ಹತ್ರ ದಾಖಲೆ ಇದ್ರೂ ಯಾವ ಸೈನಿಕನ ಮೈಮೇಲೆ ಎಷ್ಟು ಬಿತ್ತು ಅಂತ ಯಾರು ಬರೆದಿಟ್ಟಿರ್ತಾರೆ?

ಕೋರ್ಟಿಗೆ ಹೋಗ್ಬಹುದಿತ್ತಲ್ಲ ಅಂದ್ರೆ, ಸೇವೆಯಿಂದಾದ ಹಾನಿಗೆ ಸೈನಿಕ ತನ್ನ ಸರ್ಕಾರದ ಮೇಲೇ ಪರಿಹಾರದ ದಾವೆ ಹಾಕೋ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು 1950ರಲ್ಲೇ ಹೇಳಿಬಿಟ್ಟಿದೆ. ಹಂಗಾಗಿ ಕೆಮಿಕಲ್ ಕಂಪನಿಗಳ ಮೇಲೆ ಹಾಕಿದ್ರು. ಡೌ, ಮೊನ್ಸಾಂಟೊ ಎಲ್ಲಾ ಸೇರಿ 1984ರಲ್ಲಿ 18 ಕೋಟಿ ಡಾಲರಿಗೆ ರಾಜಿ ಆಯ್ತು. ಕೇಳೋಕೆ ದೊಡ್ಡ ಮೊತ್ತ, ಹಂಚಿದಾಗ ಸುಮಾರು 52,000 ಜನಕ್ಕೆ ಸರಾಸರಿ 3,800 ಡಾಲರ್ ಬಂತು. ತಿಂಗಳಿಗಲ್ಲ, ಒಟ್ಟು.

ಬರಪೀಡಿತ ತಾಲ್ಲೂಕಿನ ಲೆಕ್ಕ

ಇಲ್ಲಿದೆ ನೋಡಿ ಇಡೀ ವಿಷಯದ ಕೀಲಿ. ನಮ್ಮಲ್ಲಿ ಮಳೆ ಕೈಕೊಟ್ರೆ ಸರ್ಕಾರ ಬರಪೀಡಿತ ತಾಲ್ಲೂಕುಗಳ ಪಟ್ಟಿ ಬಿಡುತ್ತಲ್ಲ? ನಿಮ್ಮ ತಾಲ್ಲೂಕು ಆ ಪಟ್ಟಿಲಿ ಬಂದ್ಮೇಲೆ 'ನಿನ್ನ ಹೊಲಕ್ಕೆ ಮಳೆ ಬಿದ್ದಿಲ್ಲ ಅನ್ನೋದಕ್ಕೆ ಏನಪ್ಪಾ ಸಾಕ್ಷಿ' ಅಂತ ಒಬ್ಬೊಬ್ಬ ರೈತನ್ನೂ ಹಿಡ್ಕೊಂಡು ಕೇಳಲ್ಲ. ಪಹಣಿ ಇದೆಯಾ, ಬೆಳೆ ಹೋಗಿದೆಯಾ, ಮುಗೀತು. ಮಳೆ ಬಿದ್ದಿಲ್ಲ ಅನ್ನೋದನ್ನ ಸರ್ಕಾರವೇ ಒಪ್ಕೊಂಡಾಗಿದೆ.

1991ರ ಏಜೆಂಟ್ ಆರೆಂಜ್ ಕಾಯ್ದೆ ಮಾಡಿದ್ದು ಹೆಚ್ಚುಕಮ್ಮಿ ಇದನ್ನೇ. 1962ರ ಜನವರಿಯಿಂದ 1975ರ ಮೇ ಒಳಗೆ ವಿಯೆಟ್ನಾಂ ನೆಲದಲ್ಲಿ ಇದ್ದೋರೆಲ್ಲ ಆ ಕೆಮಿಕಲ್‌ಗೆ ಮೈಯೊಡ್ಡಿದೋರೇ ಅಂತ ಹಿಡ್ಕೊಳ್ಳೋದು, ಪಟ್ಟಿಲಿರೋ ಕಾಯಿಲೆ ಅವರಿಗೆ ಬಂದ್ರೆ ಅದು ಸೇವೆಯಿಂದಲೇ ಬಂತು ಅಂತ ಹಿಡ್ಕೊಳ್ಳೋದು. ಇದಕ್ಕೆ ಪ್ರಿಸಂಪ್ಷನ್ ಅಂತಾರೆ. ಕಷ್ಟದ ಮೂರನೇ ಕೊಂಡಿ ಇದ್ಯಲ್ಲ, ಅದನ್ನ ಕಾಯಿಲೆಯೋನ ಹೆಗಲ ಮೇಲಿಂದ ಇಳಿಸಿ ಕಾನೂನೇ ಹೊತ್ಕೊಂಡಂಗೆ. ಆ ಮೇಡಂ ಮೂರೇ ಪ್ರಶ್ನೆ ಕೇಳಿದ್ದು ಅದಕ್ಕೇ. ವರ್ಷ, ಜಾಗ, ಕಾಯಿಲೆ.

ಅಮ್ಮನ ಪ್ರಶ್ನೆಗೂ ಉತ್ತರ ಇದ್ರಲ್ಲೇ ಇದೆ. ತಾತಂಗೆ ಶುಗರ್ ಬಂದಿದ್ದು ಡಯಾಕ್ಸಿನ್‌ನಿಂದಾನೋ, ಅವರಪ್ಪನ ಕಡೆಯಿಂದಾನೋ, ಮೂರು ಹೊತ್ತೂ ಕುಡಿಯೋ ಸೋಡಾದಿಂದಾನೋ ಯಾರಿಗೂ ಹೇಳೋಕಾಗಲ್ಲ. ಗೊತ್ತಾಗಲ್ಲ ಅನ್ನೋದನ್ನ ಒಪ್ಕೊಂಡು, ಅನುಮಾನದ ಲಾಭ ಸೈನಿಕನಿಗೆ ಇರಲಿ ಅಂತ ಕಾನೂನು ಹೇಳುತ್ತೆ. ಪಟ್ಟಿಲಿ ಇಲ್ಲದ ಕಾಯಿಲೆಯ ಕ್ಲೇಮಲ್ಲೂ ಹಂಗೇ, ಎರಡೂ ಕಡೆಯ ಸಾಕ್ಷಿ ಸಮಸಮ ತೂಗಿದ್ರೆ ತಕ್ಕಡಿ ಸೈನಿಕನ ಕಡೆಗೇ ವಾಲಬೇಕು.

ಪಟ್ಟಿಗೆ ಯಾವ ಕಾಯಿಲೆ ಸೇರಿಸ್ಬೇಕು ಅನ್ನೋದು ಬಾಯಿಗೆ ಬಂದಂಗೆ ಆಗಿದ್ದಲ್ಲ. ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಪ್ರಪಂಚದಲ್ಲೆಲ್ಲ ಆದ ಅಧ್ಯಯನ ಕೂಡಿಸಿ, ಸಂಬಂಧ ಗಟ್ಟಿ ಇದೆಯಾ, ಸ್ವಲ್ಪ ಸುಳಿವು ಇದೆಯಾ, ಏನೂ ಹೇಳೋಕಾಗಲ್ವಾ ಅಂತ ವಿಂಗಡಿಸ್ತಿತ್ತು, ಅದನ್ನ ನೋಡಿ ವಿಎ ತೀರ್ಮಾನ ಮಾಡ್ತಿತ್ತು. ಹಿಂಗೇ ಪಟ್ಟಿ ಬೆಳೀತಾ ಬಂತು: ಮೊದಮೊದಲು ಕ್ಲೋರ್ಯಾಕ್ನೆ ಅನ್ನೋ ಚರ್ಮದ ಕಾಯಿಲೆ, ಲಿಂಫೋಮಾ ಅನ್ನೋ ಕೆಲವು ದುಗ್ಧಗ್ರಂಥಿ ಕ್ಯಾನ್ಸರು, 1996ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, 2001ರಲ್ಲಿ ಟೈಪ್ 2 ಶುಗರ್, 2010ರಲ್ಲಿ ಪಾರ್ಕಿನ್ಸನ್ಸ್ ಮತ್ತು ರಕ್ತನಾಳ ಕಟ್ಟಿ ಬರೋ ಹೃದಯದ ಕಾಯಿಲೆ, 2021ರಲ್ಲಿ ಮೂತ್ರಕೋಶದ ಕ್ಯಾನ್ಸರ್, ಹೈಪೋಥೈರಾಯ್ಡ್, 2022ರಲ್ಲಿ ಬಿಪಿ. ಹೌದು, ನಮ್ಮ ನಿಮ್ಮ ಮನೇಲೆಲ್ಲ ಇರೋ ಬಿಪಿನೇ.

ಜಾಗದ ಕಾಲಂ ವಿಷಯದಲ್ಲಿ ಮಾತ್ರ ದೊಡ್ಡ ಜಗಳ ಆಯ್ತು. 'ನೆಲದ ಮೇಲೆ ಕಾಲಿಟ್ಟಿರಬೇಕು' ಅಂತ ವಿಎ ಹಿಡಿದ ಅರ್ಥದಿಂದ, ತೀರದಾಚೆ ಹಡಗಲ್ಲೇ ಇದ್ದ ನೌಕಾಪಡೆಯೋರು ಹೊರಗುಳಿದ್ರು. ದೋಣಿ ಇಳಿದು ಒಂದು ಗಂಟೆ ದಡದಲ್ಲಿ ನಿಂತೋನಿಗೆ ಇದೆ, ವರ್ಷಗಟ್ಟಲೆ ಹಡಗಲ್ಲಿದ್ದೋನಿಗೆ ಇಲ್ಲ. 2019ರಲ್ಲಿ ಪ್ರೊಕೊಪಿಯೊ ಅನ್ನೋ ಕೇಸಲ್ಲಿ ಮೇಲ್ಮನವಿ ಕೋರ್ಟು ದೇಶ ಅಂದ್ರೆ ಅದರ ಕಡಲ ಸರಹದ್ದೂ ಸೇರಿಯೇ ಅಂತ ತೀರ್ಪು ಕೊಡ್ತು, ಅದೇ ವರ್ಷ ಸಂಸತ್ತು ಕಾನೂನೂ ಮಾಡ್ತು, 2020ರ ಜನವರಿ 1ರಿಂದ ಜಾರಿ.

ಹೊಸ ಯುದ್ಧ, ಹೊಸ ಹೊಗೆ

ಇರಾಕ್, ಅಫ್ಘಾನಿಸ್ತಾನದಲ್ಲಿ ಕಳೆನಾಶಕ ಇರಲಿಲ್ಲ, ಕಸ ಇತ್ತು. ಸಾವಿರಾರು ಜನ ಇರೋ ಸೇನಾ ನೆಲೆ ಅಂದ್ರೆ ಒಂದು ಪಟ್ಟಣಾನೇ, ಆ ಕಸ ಎಲ್ಲಿಗೆ ಹಾಕೋದು? ಗುಂಡಿ ತೋಡಿ, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿ, ಬಣ್ಣದ ಡಬ್ಬ, ಆಸ್ಪತ್ರೆ ಕಸ ಎಲ್ಲಾ ಸುರಿದು, ವಿಮಾನದ ಇಂಧನ ಹೊಯ್ದು ಬೆಂಕಿ ಇಟ್ಬಿಡೋದು. ಇದೇ ಬರ್ನ್ ಪಿಟ್. ಇರಾಕಿನ ಬಲದ್ ನೆಲೇದು ಹತ್ತು ಎಕರೆ ಅಗಲ ಇತ್ತು, ಹಗಲೂ ರಾತ್ರಿ ಹೊಗೆ. ಊರಾಚೆ ಕಸದ ಗುಡ್ಡೆಗೆ ಬೆಂಕಿ ಬಿದ್ದಾಗ ನಮ್ಗೆ ಒಂದು ದಿನಕ್ಕೇ ಗಂಟಲು ಹಿಡಿಯುತ್ತೆ, ಅದರ ಪಕ್ಕದಲ್ಲೇ ಟೆಂಟ್ ಹಾಕ್ಕೊಂಡು ವರ್ಷ ಪೂರ್ತಿ ಮಲಗಿದೋರ ಕಥೆ ಯೋಚನೆ ಮಾಡಿ.

ವಾಪಸ್ ಬಂದೋರಿಗೆ ಉಬ್ಬಸ, ಶ್ವಾಸಕೋಶದ ಕಾಯಿಲೆ, ಚಿಕ್ಕ ವಯಸ್ಸಿಗೇ ಅಪರೂಪದ ಕ್ಯಾನ್ಸರ್. ಕ್ಲೇಮ್ ಹಾಕಿದ್ರೆ ಅದೇ ಹಳೇ ಮೂರನೇ ಕೊಂಡಿಯ ಕಾಟ, ನಾಲ್ಕರಲ್ಲಿ ಹತ್ರಹತ್ರ ಮೂರು ತಿರಸ್ಕಾರ ಆಗ್ತಿದ್ವು. ವಿಯೆಟ್ನಾಂಗೆ ಹೋಗಿ ಬಂದ ಸೈನಿಕರು ಮೂವತ್ತು ವರ್ಷ ಹಿಂದೆ ಇದ್ದ ಸ್ಥಿತಿಯಲ್ಲೇ ಇವರೂ ಇದ್ರು.

2022ರಲ್ಲಿ ಬಂದಿದ್ದು ಪ್ಯಾಕ್ಟ್ ಕಾಯ್ದೆ. ಅದಕ್ಕೆ ಹೀತ್ ರಾಬಿನ್ಸನ್ ಅನ್ನೋ ಸೈನಿಕನ ಹೆಸರಿಟ್ಟಿದಾರೆ, ನಮ್ಮ ಒಹಾಯೋದೋನೇ, ನ್ಯಾಷನಲ್ ಗಾರ್ಡ್ ಅನ್ನೋ ಮೀಸಲು ಪಡೆಯಲ್ಲಿದ್ದು ಇರಾಕಿಗೆ ಹೋಗಿ ಬಂದಿದ್ದ, ಶ್ವಾಸಕೋಶದ ಕ್ಯಾನ್ಸರಿಂದ 2020ರಲ್ಲಿ ತೀರಿಕೊಂಡ. ಈ ಬಿಲ್ಲು ಪಾಸಾಗಿದ್ದೂ ಒಂದು ಧಾರಾವಾಹಿನೇ. ಜೂನಲ್ಲಿ ಸಂಸತ್ತಿನ ಮೇಲ್ಮನೆ ಸೆನೆಟ್ 84-14ರಲ್ಲಿ ಒಪ್ಕೊಂಡಿತ್ತು, ಒಂದು ತಿದ್ದುಪಡಿಗೆ ಅಂತ ವಾಪಸ್ ಬಂದಾಗ ಜುಲೈ ಕೊನೇಲಿ ಬೇಕಿದ್ದ 60 ಮತ ಸಿಗದೆ ನಿಂತೋಯ್ತು. ಮಾಜಿ ಸೈನಿಕರು ಸಂಸತ್ತಿನ ಮೆಟ್ಟಿಲ ಮೇಲೇ ಮಲಗಿದ್ರು, ಕಾಮಿಡಿಯನ್ ಜಾನ್ ಸ್ಟೂವರ್ಟ್ ಅವರ ಜೊತೆ ಕೂತು ಟೀವಿಯೋರ ಮುಂದೆ ಕೂಗಾಡಿದ್ರು. ಆಗಸ್ಟ್ 2ಕ್ಕೆ 86-11ರಲ್ಲಿ ಪಾಸು, 10ನೇ ತಾರೀಕು ಬೈಡನ್ ಸಹಿ. ಅವರ ಮಗ ಬೋ ಕೂಡ ಇರಾಕಲ್ಲಿದ್ದು ಬಂದು ಮೆದುಳಿನ ಕ್ಯಾನ್ಸರಲ್ಲಿ ತೀರಿಕೊಂಡಿದ್ರು.

ಲೆಕ್ಕ ಅದೇ, ಪಟ್ಟಿ ಹೊಸದು. 1990ರ ಆಗಸ್ಟ್ 2ರ ನಂತರ ಇರಾಕ್, ಕುವೈತ್, ಸೌದಿ, ಕತಾರ್, ಬಹ್ರೇನ್, ಒಮಾನ್, ಯುಎಇ, ಸೊಮಾಲಿಯಾ. 2001ರ ಸೆಪ್ಟೆಂಬರ್ 11ರ ನಂತರ ಅಫ್ಘಾನಿಸ್ತಾನ, ಸಿರಿಯಾ, ಜೋರ್ಡನ್, ಯೆಮೆನ್ ಥರದ ಇನ್ನೂ ಕೆಲವು ದೇಶ. ಇಲ್ಲಿದ್ದೋರಿಗೆ ಸೇವೆ ಮುಗಿದ್ಮೇಲೆ ಬಂದ ಅಸ್ತಮಾ, ಸಿಒಪಿಡಿ ಅನ್ನೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬಿಡದೇ ಕಾಡೋ ಸೈನಸ್, ಮೆದುಳು, ಮೂತ್ರಪಿಂಡ, ಮೇದೋಜೀರಕ, ಶ್ವಾಸಕೋಶದ ಕ್ಯಾನ್ಸರ್ ಹೀಗೆ 20ಕ್ಕಿಂತ ಹೆಚ್ಚು ಕಾಯಿಲೆ. 2025ರ ಜನವರೀಲಿ ರಕ್ತದ ಕ್ಯಾನ್ಸರುಗಳನ್ನೂ ಸೇರಿಸಿದ್ರು. ಇದೇ ಕಾಯ್ದೆಲಿ ಏಜೆಂಟ್ ಆರೆಂಜ್ ಪಟ್ಟಿಗೂ ಥಾಯ್ಲೆಂಡ್, ಗುವಾಮ್ ಥರ ಹೊಸ ಜಾಗ ಸೇರಿದ್ವು.

ಸಿಗೋದೆಷ್ಟು, ಆ ವಿಚಿತ್ರ ಪರ್ಸೆಂಟ್ ಹೇಗೆ

ಕಾಯಿಲೆ ಎಷ್ಟು ತ್ರಾಸ ಕೊಡುತ್ತೆ ಅಂತ ನೋಡಿ 0ಯಿಂದ 100ರ ತನಕ ಹತ್ತತ್ತರ ಲೆಕ್ಕದಲ್ಲಿ ರೇಟಿಂಗ್ ಕೊಡ್ತಾರೆ. 2025ರಲ್ಲಿ 10%ಗೆ ತಿಂಗಳಿಗೆ 175 ಡಾಲರ್ ಚಿಲ್ಲರೆ, 20%ಗೆ 346 ಚಿಲ್ಲರೆ, ಒಬ್ಬನೇ ಇರೋನಿಗೆ 100% ಆದ್ರೆ 3,831. ಟ್ಯಾಕ್ಸ್ ಇಲ್ಲ. ಹೆಂಡತಿ ಮಕ್ಕಳಿದ್ರೆ 30% ಇಲ್ಲಾ ಅದಕ್ಕಿಂತ ಹೆಚ್ಚು ಇರೋರಿಗೆ ಇನ್ನಷ್ಟು ಸೇರುತ್ತೆ. ಕಾಯಿಲೆಯಿಂದ ಸೈನಿಕ ತೀರಿಕೊಂಡ್ರೆ ಹೆಂಡತಿಗೆ 2025ರಲ್ಲಿ ತಿಂಗಳಿಗೆ 1,653 ಡಾಲರ್ ಇತ್ತು.

ಜನ ತಲೆ ಕೆರ್ಕೊಳ್ಳೋದು ಕೂಡೋ ಲೆಕ್ಕಕ್ಕೆ. ಒಂದು ಕಾಯಿಲೆಗೆ 50, ಇನ್ನೊಂದಕ್ಕೆ 30 ಬಂದ್ರೆ 80 ಆಗ್ಬೇಕು ತಾನೇ? ಆಗಲ್ಲ. ಒಂದು ರೊಟ್ಟಿ ಇದೆ ಅನ್ಕೊಳ್ಳಿ, ಮೊದಲ ಕಾಯಿಲೆ ಅರ್ಧ ತಿಂತು. ಎರಡನೇದು ತಿನ್ನೋದು ಉಳಿದ ಅರ್ಧದಲ್ಲಿ 30%, ಅಂದ್ರೆ 15. ಒಟ್ಟು ಹೋಗಿದ್ದು 65, ಹತ್ತಿರದ ಹತ್ತಕ್ಕೆ ಸರಿಮಾಡಿ 70. ಹಿಂಗಾಗಿ ಎಷ್ಟೇ ಕಾಯಿಲೆ ಇದ್ರೂ 100 ಮುಟ್ಟೋದು ಬಲು ಕಷ್ಟ.

ಶುಗರಿಗೆ ಗುಳಿಗೆನೋ ಇನ್ಸುಲಿನ್ನೋ ಪಥ್ಯದ ಜೊತೆ ತಗೋತಿದ್ರೆ ಸಾಮಾನ್ಯವಾಗಿ 20%. ಆದ್ರೆ ಶುಗರಿಂದ ಪಾದದ ನರ ಹೋಗಿದ್ರೆ ಅದನ್ನ ಬೇರೆ ಕಾಯಿಲೆ ಅಂತಾನೇ, ಒಂದೊಂದು ಕಾಲಿಗೂ ಬೇರೆ ಬೇರೆ ರೇಟಿಂಗ್ ಕೊಡ್ತಾರೆ. ತಾತ ತಮ್ಮ ಜೋಮಿನ ವಿಷಯ ಆ ಆಫೀಸಲ್ಲಿ ಬಾಯೇ ಬಿಟ್ಟಿರಲಿಲ್ಲ, ಎದ್ದು ಹೊರಡುವಾಗ ಕುರ್ಚಿ ಹಿಡ್ಕೊಂಡಿದ್ದು ನೋಡಿ ಮೇಡಂ ತಾವಾಗೇ "ಪಾದ ಹೇಗಿದೆ?" ಅಂತ ಕೇಳಿದ್ರು. ಫಾರಂಗೆ ಎರಡು ಸಾಲು ಜಾಸ್ತಿ ಆಯ್ತು.

ಕ್ಲೇಮ್ ಹಾಕೋದು

ಬಿಸ್ಕತ್ ಡಬ್ಬದಲ್ಲಿದ್ದ ಕಾಗದ ಡಿಡಿ 214, ಸೇವೆ ಬಿಟ್ಟಾಗ ಕೊಡೋ ಸರ್ಟಿಫಿಕೇಟು. ಎಲ್ಲಿ, ಯಾವಾಗ, ಹೇಗೆ ಬಿಡುಗಡೆ ಆಯ್ತು ಎಲ್ಲಾ ಅದ್ರಲ್ಲಿರುತ್ತೆ, ಅವಮಾನಕರ ಬಿಡುಗಡೆ ಅಂತ ಇದ್ರೆ ಸಾಮಾನ್ಯವಾಗಿ ಏನೂ ಸಿಗಲ್ಲ. ಅದು, ಡಾಕ್ಟರ ದಾಖಲೆ, ಮತ್ತೆ 21-526ಇಝಡ್ ಅನ್ನೋ ಅರ್ಜಿ. ಎಲ್ಲಾ ಕಾಗದ ಕೈಗೆ ಬರೋ ತನಕ ಕಾಯ್ಬಾರದು, ಇದು ಮುಖ್ಯ. ಮೊದಲು 'ಅರ್ಜಿ ಹಾಕೋ ಇರಾದೆ ಇದೆ' ಅಂತ ಒಂದು ಚಿಕ್ಕ ಫಾರಂ ಕೊಟ್ಬಿಟ್ರೆ ಒಂದು ವರ್ಷ ಟೈಮ್ ಸಿಗುತ್ತೆ, ಕ್ಲೇಮ್ ಆಮೇಲೆ ಪಾಸಾದ್ರೂ ದುಡ್ಡು ಆ ಮೊದಲ ತಾರೀಕಿಂದ ಎಣಿಸ್ತಾರೆ. ಯಾಕಂದ್ರೆ ಸಾಮಾನ್ಯವಾಗಿ ದುಡ್ಡು ಶುರುವಾಗೋದು ಕಾಯಿಲೆ ಬಂದ ದಿನದಿಂದ ಅಲ್ಲ, ಅರ್ಜಿ ಕೊಟ್ಟ ದಿನದಿಂದ. ತಾತಂಗೆ 2004ರಲ್ಲೇ ಶುಗರ್ ಬಂತು, ಆಗ್ಲೇ ಅದು ಪಟ್ಟಿಲಿತ್ತು, ಇವರಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ್ದು ಹೋಗಿದ್ದು ಹೋಯ್ತು. ಹಿಂದೆ ಅರ್ಜಿ ಹಾಕಿ ತಿರಸ್ಕಾರ ಆದ ವಿಯೆಟ್ನಾಂ ಯುದ್ಧದ ಸೈನಿಕರಿಗಾದ್ರೆ, 1989ರ ಒಂದು ಕೋರ್ಟ್ ತೀರ್ಪಿಂದಾಗಿ, ಎಷ್ಟೋ ಸಲ ಹಳೇ ಅರ್ಜಿ ತಾರೀಕಿಂದಲೇ ಬಾಕಿ ಸಿಕ್ಕಿದೆ.

ಆಮೇಲೆ ವಿಎ ಕಡೆಯಿಂದ ಒಂದು ವೈದ್ಯಕೀಯ ಪರೀಕ್ಷೆ, ಅದಾದ್ಮೇಲೆ ತೀರ್ಮಾನದ ಪತ್ರ. ಒಪ್ಪಿಗೆ ಆಗದಿದ್ರೆ ಒಂದು ವರ್ಷದೊಳಗೆ ಮೂರು ದಾರಿ: ಹೊಸ ಸಾಕ್ಷಿ ಕೊಡೋದು, ಇರೋ ಕಡತಾನೇ ಮೇಲಿನ ಅಧಿಕಾರಿ ನೋಡ್ಲಿ ಅನ್ನೋದು, ಇಲ್ಲಾ ಮೇಲ್ಮನವಿ ಮಂಡಳಿಗೆ ಹೋಗೋದು. ಈ ಕೌಂಟಿ ಆಫೀಸುಗಳಲ್ಲಿ, ಮಾನ್ಯತೆ ಇರೋ ವೆಟರನ್ ಸಂಘಗಳಲ್ಲಿ ಸಹಾಯ ಪೂರಾ ಉಚಿತ. ಬಾಕಿ ಹಣದಲ್ಲಿ ಪಾಲು ಕೊಡಿ, ನಾವೇ ಮಾಡಿಸ್ತೀವಿ ಅಂತ ಫೋನ್ ಮಾಡೋರು ಬೇಕಾದಷ್ಟಿದ್ದಾರೆ. ಮೊದಲ ಸಲದ ಕ್ಲೇಮಿಗೆ ಫೀಸ್ ತಗೋಳ್ಳೋದು ಕಾನೂನು ಪ್ರಕಾರ ತಪ್ಪು.

ಪಟ್ಟಿಯ ಆಚೆಗಿರೋರು

ಈ ಲೆಕ್ಕ ಅಮೆರಿಕದ ಸೈನಿಕರಿಗೆ ಮಾತ್ರ. ಯಾರ ಕಾಡು, ಯಾರ ಗದ್ದೆ ಮೇಲೆ ಸುರಿದ್ರೋ ಆ ವಿಯೆಟ್ನಾಂ ಜನ 2004ರಲ್ಲಿ ಅಮೆರಿಕದ ಕೋರ್ಟಲ್ಲಿ ಕಂಪನಿಗಳ ಮೇಲೆ ದಾವೆ ಹಾಕಿದ್ರು, ಮರುವರ್ಷವೇ ವಜಾ ಆಯ್ತು. ಅವರಿಗೆ ಸಿಕ್ಕಿರೋದು ಬೇರೆ ಥರದ್ದು: ಡ್ರಮ್ಮು ಪೇರಿಸಿದ್ದ ದಾ ನಾಂಗ್ ವಿಮಾನ ನಿಲ್ದಾಣದ ಮಣ್ಣನ್ನ 2012ರಿಂದ 2018ರ ತನಕ ಅಮೆರಿಕದ ದುಡ್ಡಲ್ಲಿ ಅಗೆದು, ಬಿಸಿಮಾಡಿ ಶುದ್ಧ ಮಾಡಿದ್ರು.

ಸೇನಾ ನೆಲೆಗಳಲ್ಲಿ ಅಡುಗೆ, ಬಟ್ಟೆ ಒಗೆಯೋದು, ಕ್ಲೀನಿಂಗ್ ಅಂತ ಕಾಂಟ್ರ್ಯಾಕ್ಟ್ ಮೇಲೆ ಹೋದೋರಲ್ಲಿ ಭಾರತದೋರೂ ಇದ್ರು, ಅವರೂ ಅದೇ ಹೊಗೆ ಕುಡಿದಿದ್ದು. ಅವರು ವಿಎ ಅಡಿ ಬರಲ್ಲ. ಅವರಿಗೆ ಡಿಫೆನ್ಸ್ ಬೇಸ್ ಕಾಯ್ದೆ ಅಂತ ಬೇರೆ ವಿಮೆ ವ್ಯವಸ್ಥೆ ಇದೆ, ಬೇರೆ ದೇಶದೋರಿಗೂ ಅನ್ವಯ ಆಗುತ್ತೆ, ಪ್ಯಾಕ್ಟ್ ಪಟ್ಟಿ ಮಾತ್ರ ಅಲ್ಲಿ ನಡೆಯಲ್ಲ.

ನಮ್ಮ ಸೇನೇಲೂ ಈ ಪ್ರಶ್ನೆ ಇದೆ. ಅಂಗವೈಕಲ್ಯ ಪಿಂಚಣಿ ಬೇಕಂದ್ರೆ ಕಾಯಿಲೆ ಸೇವೆಯಿಂದ ಬಂದಿರ್ಬೇಕು ಇಲ್ಲಾ ಸೇವೆಯಿಂದ ಜಾಸ್ತಿ ಆಗಿರ್ಬೇಕು. ಭರ್ತಿ ಆಗುವಾಗ ಕಾಯಿಲೆ ಇದೆ ಅಂತ ಬರೆದಿಲ್ಲ ಅಂದ್ರೆ ಆರೋಗ್ಯವಾಗೇ ಇದ್ದ ಅಂತ ಹಿಡ್ಕೋಬೇಕು, ಸಾಬೀತಿನ ಹೊರೆ ಸೈನಿಕನ ಮೇಲೆ ಹಾಕ್ಬಾರದು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಲ್ಲಿ ಹೇಳಿದೆ. ಸೈನ್ಯದ ಆಚೆ ನೋಡಿದ್ರೆ ದಕ್ಷಿಣ ಕನ್ನಡದೋರಿಗೆ ಇದೆಲ್ಲ ಕೇಳಿದ ಕಥೆ ಅನ್ಸುತ್ತೆ: ಹೆಲಿಕಾಪ್ಟರಲ್ಲಿ ಗೇರು ತೋಟಕ್ಕೆ ಸುರಿದ ಎಂಡೋಸಲ್ಫಾನ್, ಕೆಳಗೆ ಕೊಕ್ಕಡದ ಸುತ್ತಮುತ್ತಲಿನ ಮನೆಗಳು, ಯಾವ ಮಗುವಿನ ಕಾಯಿಲೆ ಅದರಿಂದಲೇ ಅಂತ ಹೇಗೆ ಹೇಳೋದು ಅನ್ನೋ ಅದೇ ಪ್ರಶ್ನೆ, ಕೊನೆಗೆ ಅಂಗವೈಕಲ್ಯದ ಪರ್ಸೆಂಟ್ ನೋಡಿ ಸರ್ಕಾರದ ಮಾಸಾಶನ.

ತಾತಂಗೆ ಪರೀಕ್ಷೆ ಬರೋ ತಿಂಗಳು. ಔಷಧಿ ಪಟ್ಟಿ ತನ್ನಿ, ಪಾದಕ್ಕೆ ಸೂಜಿ ಥರದ್ದು ಮುಟ್ಟಿಸಿ ನೋಡ್ತಾರೆ, ಬಿಚ್ಚೋಕೆ ಸುಲಭ ಆಗೋ ಶೂ ಹಾಕ್ಕೊಂಡು ಹೋಗಿ ಅಂತ ಮೇಡಂ ಹೇಳಿ ಕಳಿಸಿದಾರೆ. ಡಬ್ಬಾನೂ ತರ್ಲಾ ಅಂತ ನಿನ್ನೆ ಬೇಲಿ ಹತ್ರ ನಿಂತು ಕೇಳ್ತಿದ್ರು. ಕಾಗದದ ಫೋಟೋ ನನ್ನ ಫೋನಲ್ಲಿದೆ, ಡಬ್ಬ ಮನೇಲೇ ಇರ್ಲಿ ಅಂದೆ.